ತೊಟ್ಟಿಲು ಕೇಳಲು ಬಂದವರು

"ಗುರುಗಳೇ, ನಾನೊಂದು ಸುಳ್ಳು ಹೇಳಿದ್ದೇನೆ" ಎಂದ ಶಿಷ್ಯ. "ಅದು ಯಾರಿಗೂ ತಿಳಿದಿಲ್ಲ. ಅದರಿಂದ ಯಾರಿಗೂ ನಷ್ಟವಾಗಿಲ್ಲ. ಆದರೂ ಯಾರಿಗೆ ಹೇಳಿದೆನೋ ಅವರು ಎದುರು ಬಂದರೆ ನನ್ನ ತಲೆ ತಾನಾಗಿಯೇ ತಗ್ಗುತ್ತದೆ. ಅವರೇನೋ ನನ್ನನ್ನು ನೋಡಿ ನಗುತ್ತಾರೆ. ನಷ್ಟವೇ ಇಲ್ಲದ ಮೇಲೆ ಈ ನಾಚಿಕೆ ಎಲ್ಲಿಂದ ಬರುತ್ತದೆ?"

ಯಾವ ಸುಳ್ಳು ಎಂದು ಗುರುಗಳು ಕೇಳಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬಳು ವ್ಯಾಪಾರಿ ಇದ್ದಳು. ಊರೂರು ತಿರುಗಿ ಮನೆಬಳಕೆಯ ಹಳೆಯ ಸಾಮಾನುಗಳನ್ನು ಹುಡುಕುವುದು ಅವಳ ಕೆಲಸ. ಅಡಕತ್ತರಿ, ಚನ್ನೆಮಣೆ, ಹಿತ್ತಾಳೆಯ ದೀಪ, ಕುಂಕುಮದ ಭರಣಿ, ಹೀಗೆ. ತಂದದ್ದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಬಿಳಿಯ ಬಟ್ಟೆಯ ಮೇಲಿಟ್ಟು, ಫೋಟೊ ತೆಗೆದು ಆನ್‌ಲೈನಿನಲ್ಲಿ ಹಾಕುತ್ತಿದ್ದಳು. ದೂರದ ಊರುಗಳ ಜನ ನೋಡಿ ತರಿಸಿಕೊಳ್ಳುತ್ತಿದ್ದರು.

ಅವಳು ಅಚ್ಚುಕಟ್ಟಿನ ಹೆಂಗಸು. ಪಾತ್ರೆ ನೆಗ್ಗಿದ್ದರೆ ಆ ಭಾಗವನ್ನೇ ಮೊದಲು ತೋರಿಸುವಳು. ಬೆಸುಗೆ ಹಾಕಿಸಿದ್ದರೆ ಹಾಗೆಂದು ಬರೆಯುವಳು. ಹೊಸದನ್ನು ಹಳೆಯದೆಂದು ಎಂದೂ ಮಾರಿದವಳಲ್ಲ. ಕೊಳ್ಳುವವರಿಗೆ ತಾನು ಒಂದೇ ಒಂದು ಸುಳ್ಳನ್ನೂ ಹೇಳಿಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಅದು ನಿಜವೂ ಆಗಿತ್ತು.

ಕೊಡುವವರಿಗೆ ಮಾತ್ರ ಅವಳು ಒಂದು ಸುಳ್ಳು ಹೇಳುತ್ತಿದ್ದಳು. ಮಾರುವುದಕ್ಕೆ ಎಂದರೆ ಜನ ಹಿಂಜರಿಯುತ್ತಾರೆ. ಕೊಟ್ಟರೂ ಬೆಲೆ ಏರಿಸುತ್ತಾರೆ. ಆದ್ದರಿಂದ ಎಲ್ಲ ಮನೆಗಳಲ್ಲೂ ಒಂದೇ ಮಾತು: "ನಮ್ಮ ಮನೆಗೇ ಬೇಕಾಗಿತ್ತು." ಇದನ್ನು ಸುಳ್ಳೆಂದು ಅವಳು ಎಣಿಸಿರಲಿಲ್ಲ. ವ್ಯಾಪಾರದ ಮಾತು ಎಂದುಕೊಂಡಿದ್ದಳು.

ಒಮ್ಮೆ ಅವಳು ನೇಕಾರರ ಒಂದು ಓಣಿಗೆ ಹೋದಳು. ಒಂದು ಮನೆಯ ಪಡಸಾಲೆಯಲ್ಲಿ ಬಣ್ಣದ ಮರದ ತೊಟ್ಟಿಲು ಕಂಡಿತು. ನಾಲ್ಕು ಮೂಲೆಗೂ ಗಿಳಿಗಳು, ಪಟ್ಟಿಗಳ ಮೇಲೆ ಬಳ್ಳಿಗಳು. ಕೈ ಸವರಿ ಸವರಿ ಅಂಚು ನುಣುಪಾಗಿತ್ತು. ಅಂಥದ್ದು ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ. ಅದರಲ್ಲಿ ಮಗುವಿರಲಿಲ್ಲ. ಆ ಮನೆಯ ಮಗು ಆಗಲೇ ನೆಲದ ಮೇಲೆ ಅಂಬೆಗಾಲಿಡುತ್ತಿತ್ತು.

"ಈ ತೊಟ್ಟಿಲು ಕೊಡುತ್ತೀರಾ?" ಎಂದು ಕೇಳಿದಳು.

ಮನೆಯ ಸೊಸೆ ಓಣಿಯ ಹಿರಿಯ ಹೆಂಗಸನ್ನು ಕರೆತಂದಳು. ಅವರ ಹಿಂದೆ ಇನ್ನೂ ನಾಲ್ಕಾರು ಜನ ಬಂದರು. ಹಿರಿಯಳು ವ್ಯಾಪಾರಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಯಾರಿಗೆ ತಾಯಿ?"

"ನಮ್ಮ ಮನೆಗೇ ಬೇಕಾಗಿತ್ತು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಬಾಯಿಗೆ ಸೆರಗು ಹಿಡಿದು, "ಹೊಟ್ಟೆ ಇನ್ನೂ ಕಾಣುವುದಿಲ್ಲವಲ್ಲೇ" ಎಂದು ಪಿಸುಗುಟ್ಟಿದಳು. ಹಿರಿಯಳು ಅವಳ ತೋಳಿಗೆ ಮೆಲ್ಲನೆ ತಿವಿದಳು. "ಬಾಯಿ ಮುಚ್ಚೇ. ಅದನ್ನೆಲ್ಲ ಕೇಳುತ್ತಾರೆಯೇ?"

ಆ ತೊಟ್ಟಿಲು ಯಾರೊಬ್ಬರದೂ ಅಲ್ಲ, ಓಣಿಯದು. ಯಾರ ಮನೆಯಲ್ಲಿ ಮಗು ಹುಟ್ಟುತ್ತದೋ ಆ ಮನೆಗೆ ಹೋಗುತ್ತಿತ್ತು. ಆ ಮಗು ಅಂಬೆಗಾಲಿಡಲು ಕಲಿತ ಮೇಲೆ ಮುಂದಿನ ಮನೆಗೆ. ಒಯ್ಯುವವರನ್ನು, ಎಷ್ಟು ತಿಂಗಳು, ಯಾವಾಗ ಎಂದು ಯಾರೂ ಕೇಳುವಂತಿರಲಿಲ್ಲ. ಹುಟ್ಟುವ ಮೊದಲೇ ಮಗುವಿನ ಮಾತು ಆಡಬಾರದೆಂದು ಅವರ ನಂಬಿಕೆ. ಓಣಿಯ ಹೊರಗಿನವರು ಕೇಳಿದ್ದು ಅದೇ ಮೊದಲು. ಆದರೆ ತೊಟ್ಟಿಲು ಬೇಕು ಎಂದು ಬಂದ ಹೆಂಗಸಿಗೆ ಇಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

"ಒಯ್ಯಿ ತಾಯಿ" ಎಂದಳು ಹಿರಿಯಳು. "ನಮ್ಮಲ್ಲಿ ಬೇಕಾದಾಗ ನಾವೇ ಬಂದು ಹೇಳುತ್ತೇವೆ."

ಈ ಕೊನೆಯ ಮಾತು ವ್ಯಾಪಾರಿಯ ಕಿವಿಗೆ ಬಿತ್ತು. ಅದರ ಅರ್ಥವೇನೆಂದು ಕೇಳಬಹುದಿತ್ತು. ಕೇಳಿದರೆ ತೊಟ್ಟಿಲು ಸಿಗಲಾರದು ಎಂದು ಅವಳಿಗೆ ಅನಿಸಿತು. ಅವಳು ಕೇಳಲಿಲ್ಲ.

ಬೆಲೆ ಎಷ್ಟೆಂದಾಗ ಹೆಂಗಸರು ಗೊಳ್ಳೆಂದು ನಕ್ಕರು. "ತೊಟ್ಟಿಲಿಗೆ ಬೆಲೆ ಕಟ್ಟುತ್ತಾಳಂತೆ, ಕೇಳಿದಿರಾ!" ಅವಳು ಒಂದಿಷ್ಟು ನೋಟುಗಳನ್ನು ಮಡಚಿ ಅಂಬೆಗಾಲಿಡುತ್ತಿದ್ದ ಮಗುವಿನ ಕೈಗಿಟ್ಟಳು. ತಾನು ಬೆಲೆ ಕೊಟ್ಟೆನೆಂದು ಅವಳು ತಿಳಿದಳು. ಮಗುವಿಗೆ ಉಡುಗೊರೆ ಕೊಟ್ಟಳೆಂದು ಅವರು ತಿಳಿದರು. ಮತ್ತೇನಾದರೂ ಹಳೆಯ ಸಾಮಾನಿದ್ದರೆ ತಿಳಿಸಿ ಎಂದು ತನ್ನ ವಿಳಾಸದ ಚೀಟಿಯನ್ನೂ ಕೊಟ್ಟು ಬಂದಳು.

ತೊಟ್ಟಿಲಿನ ಫೋಟೊ ಹಾಕಿದ ದಿನವೇ ಅದು ಮಾರಾಟವಾಯಿತು. ಕೊಂಡವನು ಒಬ್ಬ ಹೋಟೆಲಿನ ಯಜಮಾನ. ಹೋಟೆಲಿನ ಬಾಗಿಲಲ್ಲಿ ಅದನ್ನು ತೂಗುಹಾಕಿ ಹೂವಿನ ಕುಂಡಗಳನ್ನು ಇಟ್ಟ. ಚೆನ್ನಾಗಿ ಕಾಣುತ್ತದೆ ಎಂದು ಅವಳಿಗೂ ಒಂದು ಫೋಟೊ ಕಳಿಸಿದ. ಅವಳಿಗೆ ಸಂತೋಷವಾಯಿತು. ಅದನ್ನು ನಾಲ್ಕು ಜನರಿಗೆ ತೋರಿಸಿದಳು.

ಒಂದೂವರೆ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅವಳು ಸಾಮಾನು ಬೆಳಗುತ್ತಿರುವಾಗ ಬಾಗಿಲಲ್ಲಿ ಮೂವರು ಹೆಂಗಸರು ನಿಂತಿದ್ದರು. ಓಣಿಯ ಹಿರಿಯಳು, ಅವತ್ತು ತೊಟ್ಟಿಲು ಇದ್ದ ಮನೆಯ ಸೊಸೆ, ಹೊಟ್ಟೆಯ ಮಾತಾಡಿದ್ದ ಹೆಂಗಸು. ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ ಇತ್ತು.

ಒಳಗೆ ಬಂದವರು ಸುತ್ತಲೂ ನೋಡಿದರು. ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಸಾಮಾನು.

"ಅಯ್ಯೋ, ಒಂದು ಮನೆಗೆ ಇಷ್ಟು ಕುಂಕುಮದ ಭರಣಿಯೇ!" ಎಂದಳು ಮಾತುಗಾರ ಹೆಂಗಸು. "ಎಷ್ಟು ಜನ ಸೊಸೆಯರಮ್ಮ ಈ ಮನೆಯಲ್ಲಿ?"

"ಹಿರಿಯರ ಕಾಲದ್ದು ಎಲ್ಲ ಜೋಪಾನ ಮಾಡಿದ್ದಾರೆ, ನಿನ್ನ ಹಾಗೆ ಗುಜರಿಗೆ ಹಾಕಿ ಕಡಲೆಮಿಠಾಯಿ ತಿಂದಿಲ್ಲ" ಎಂದಳು ಹಿರಿಯಳು. ಮೂವರೂ ನಕ್ಕರು. ವ್ಯಾಪಾರಿಗೆ ನಗು ಬರಲಿಲ್ಲ.

ಹಿರಿಯಳು ಕುಂಕುಮ ಹಚ್ಚಿ ಬಂದ ಕೆಲಸ ಹೇಳಿದಳು. "ನಮ್ಮ ಮೊಮ್ಮಗಳು ಹುಟ್ಟಿದ್ದಾಳೆ ತಾಯಿ. ಬರುವ ಶುಕ್ರವಾರ ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ. ನಿಮ್ಮದು ಇಷ್ಟು ಹೊತ್ತಿಗೆ ನಡೆಯುತ್ತಿರಬೇಕು. ತೊಟ್ಟಿಲು ಕೊನೆಗೆ ಇದ್ದದ್ದು ನಿಮ್ಮ ಮನೆಯಲ್ಲಿ, ನೀವೇ ತರಬೇಕು. ಮಗುವನ್ನೂ ಕರೆದುಕೊಂಡು ಬನ್ನಿ."

ಸೊಸೆ ಚೀಲದಿಂದ ಒಂದು ಕುಲಾವಿ ತೆಗೆದಳು. ಓಣಿಯ ಪ್ರತಿ ಮನೆಯ ಮಗ್ಗದಲ್ಲೂ ಉಳಿದ ಒಂದೊಂದು ತುಂಡು ಬಟ್ಟೆ ಸೇರಿಸಿ ಹೊಲಿದ ಕುಲಾವಿ ಅದು. "ತಲೆ ಎಷ್ಟಿದೆಯೋ ಗೊತ್ತಿರಲಿಲ್ಲ" ಎಂದಳು. "ಸ್ವಲ್ಪ ದೊಡ್ಡದೇ ಮಾಡಿದ್ದೇವೆ. ಎಲ್ಲಿ ಮಗು? ಮಲಗಿದೆಯೇ?"

ವ್ಯಾಪಾರಿಗೆ ಆಗ ಎಲ್ಲವೂ ಅರ್ಥವಾಯಿತು. ಮದುವೆಯಾಗಿ ಹತ್ತು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲವೆಂಬ ಕೊರಗೂ ಇರಲಿಲ್ಲ. 'ಮಾರಿಬಿಟ್ಟೆ' ಎಂದು ಹೇಳಿದ್ದರೆ ಸಾಕಿತ್ತು. ಬೈಯುತ್ತಿದ್ದರು. ಎದ್ದು ಹೋಗುತ್ತಿದ್ದರು. ಆ ಮಾತು ಅವಳ ಗಂಟಲವರೆಗೆ ಬಂದದ್ದೂ ನಿಜ. ಆದರೆ ಎದುರಿಗೆ ಕುಲಾವಿ ಹಿಡಿದ ಕೈ ಹಾಗೇ ಚಾಚಿತ್ತು. ಮೂರು ಮುಖಗಳು ಒಳಕೋಣೆಯ ಕಡೆ ನೋಡುತ್ತಿದ್ದವು.

"ಮಗು ಉಳಿಯಲಿಲ್ಲ" ಎಂದಳು.

ಸೊಸೆ ಕುಲಾವಿಯನ್ನು ಥಟ್ಟನೆ ಸೆರಗಿನೊಳಗೆ ಮರೆಮಾಡಿಕೊಂಡಳು. ಮಾತುಗಾರ ಹೆಂಗಸು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಹಿರಿಯಳು ಹತ್ತಿರ ಬಂದು ಕುಳಿತು ವ್ಯಾಪಾರಿಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಆ ಕೈಗೆ ಇನ್ನೂ ಹುಣಸೆಹಣ್ಣು ಮೆತ್ತಿತ್ತು.

"ಗಂಡೋ ಹೆಣ್ಣೋ?"

"ಹೆಣ್ಣು."

"ಹೆಸರು ಇಟ್ಟಿದ್ದಿರಾ?"

ಇಲ್ಲ ಎಂದಿದ್ದರೂ ಆಗುತ್ತಿತ್ತು. ಆದರೆ ಸುಳ್ಳು ಹೇಳುವವರು ತಮ್ಮ ಮಾತು ಸಾಲದೇನೋ ಎಂದು ಯಾವಾಗಲೂ ಹೆದರುತ್ತಾರೆ. ಎದುರಿನ ಹಲಗೆಯ ಮೇಲೆ, ಆವತ್ತೇ ಫೋಟೊ ತೆಗೆಯಬೇಕಾಗಿದ್ದ ಒಂದು ಭರಣಿ ಇತ್ತು. ಅದರ ಮುಚ್ಚಳದ ಮೇಲೆ ಯಾರೋ ತಮ್ಮ ಹೆಸರು ಕೊರೆಸಿದ್ದರು. ವ್ಯಾಪಾರಿ ಅದನ್ನು ಓದಿದಳು.

"ವಾರಿಜಾ."

"ವಾರಿಜಾ" ಎಂದು ಹಿರಿಯಳೂ ಒಮ್ಮೆ ಹೇಳಿದಳು. ಆಮೇಲೆ ಅವಳೇ ಹೇಳಿದಳು: "ತೊಟ್ಟಿಲನ್ನು ನಾವು ಒಯ್ಯುವುದಿಲ್ಲ ತಾಯಿ. ಅದು ನಿಮ್ಮಲ್ಲೇ ಇರಲಿ. ನಮ್ಮ ಕೂಸಿಗೆ ಸೀರೆಯ ಜೋಲಿ ಕಟ್ಟುತ್ತೇವೆ. ಆದರೆ ಶುಕ್ರವಾರ ನೀವು ಬರಲೇಬೇಕು. ಅವಳಿಗೆ ನಿಮ್ಮ ಮಗಳ ಹೆಸರನ್ನೇ ಇಡುತ್ತೇವೆ. ಕಿವಿಯಲ್ಲಿ ನೀವೇ ಹೇಳಬೇಕು."

"ನಾನು ಬೇಡ" ಎಂದಳು ವ್ಯಾಪಾರಿ. "ಶುಭಕಾರ್ಯ. ನನ್ನಂಥವಳು..."

"ಮಗು ಕಳೆದುಕೊಂಡವರನ್ನು ದೂರ ಕೂರಿಸುವ ಓಣಿಯಲ್ಲ ನಮ್ಮದು" ಎಂದಳು ಹಿರಿಯಳು ಸ್ವಲ್ಪ ಗಡುಸಾಗಿ. "ಬರದಿದ್ದರೆ ನಾವೇ ಬಂದು ಎಳೆದುಕೊಂಡು ಹೋಗುತ್ತೇವೆ."

ಶುಕ್ರವಾರ ಅವಳು ಹೋದಳು. ಓಣಿಯ ಹೆಂಗಸರು ಅವಳನ್ನು ನಡುವೆ ಮಣೆಯ ಮೇಲೆ ಕೂರಿಸಿ ಮಗುವನ್ನು ಮಡಿಲಿಗಿಟ್ಟರು. ಅವಳು ಬಗ್ಗಿ ಆ ಪುಟ್ಟ ಕಿವಿಯಲ್ಲಿ ಮೂರು ಸಲ ಹೇಳಿದಳು. ಒಂದು ಮುಚ್ಚಳದ ಮೇಲಿನ ಹೆಸರು, ಯಾರದೋ ಏನೋ. ಸುತ್ತಲಿದ್ದವರು ಅತ್ತರು. ಅವಳೂ ಅತ್ತಳು. ತಾನು ಏಕೆ ಅಳುತ್ತಿದ್ದೇನೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಮಗು ಜೋಲಿಯಲ್ಲಿ ಮಲಗಿ ಚೆನ್ನಾಗಿಯೇ ಬೆಳೆಯಿತು. ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಹಬ್ಬ ಬಂದರೆ ಓಣಿಯಿಂದ ಯಾರಾದರೊಬ್ಬರು ಎರಡು ಬಸ್ಸು ಬದಲಿಸಿ ವ್ಯಾಪಾರಿಯ ಮನೆಗೆ ಹೋಳಿಗೆಯೋ ಉಂಡೆಯೋ ತಂದುಕೊಡುತ್ತಿದ್ದರು. ಒಬ್ಬಳೇ ಇದ್ದು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದರು. ಅವರು ಬರುತ್ತಾರೆಂದು ತಿಳಿದ ದಿನ ಅವಳು ಸಾಮಾನುಗಳ ಮೇಲೆ ಬಟ್ಟೆ ಹೊದಿಸುತ್ತಿದ್ದಳು. ಗಂಡನನ್ನು ಏನಾದರೊಂದು ನೆಪ ಹೇಳಿ ಹೊರಗೆ ಕಳಿಸುತ್ತಿದ್ದಳು. ಅವನಿಗೂ ಅವಳು ಏನನ್ನೂ ಹೇಳಿರಲಿಲ್ಲ.

ಹೀಗೆ ಐದು ವರ್ಷ ನಡೆಯಿತು. ಆಮೇಲೆ ಅವಳಿಂದ ಸಹಿಸಲಾಗಲಿಲ್ಲ. ಆ ಹೋಟೆಲಿಗೆ ಹೋಗಿ, ಯಜಮಾನನನ್ನು ಕಾಡಿ ಬೇಡಿ ತೊಟ್ಟಿಲನ್ನು ಮರಳಿ ಪಡೆದಳು. ಕುಂಡಗಳ ನೀರು ಇಳಿದು ಅದರ ತಳದ ಹಲಗೆ ಕಪ್ಪಾಗಿತ್ತು. ಅದನ್ನು ಒಂದು ಗೂಡ್ಸ್ ಆಟೊದಲ್ಲಿ ಹಾಕಿಸಿಕೊಂಡು ಓಣಿಗೆ ಹೊರಟಳು. ಎಲ್ಲರನ್ನೂ ಕೂರಿಸಿ ನಿಜ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಳು.

ಗಾಡಿ ನಿಂತ ಕೂಡಲೇ ಮಗ್ಗಗಳು ನಿಂತವು. ಹೆಂಗಸರೆಲ್ಲ ಹೊರಗೆ ಬಂದರು. ಹಿರಿಯಳ ಕಣ್ಣು ಆ ಹೊತ್ತಿಗೆ ಮಂದವಾಗಿತ್ತು. ಅವಳು ತೊಟ್ಟಿಲಿನ ಅಂಚನ್ನು ಕೈಯಿಂದ ಸವರಿ ಗುರುತು ಹಿಡಿದಳು.

"ನಿಮಗೊಂದು ಮಾತು ಹೇಳಬೇಕಾಗಿತ್ತು" ಎಂದು ವ್ಯಾಪಾರಿ ಆರಂಭಿಸಿದಳು.

ಅಷ್ಟರಲ್ಲಿ ಐದು ವರ್ಷದ ವಾರಿಜಾ ಜನರ ನಡುವೆ ನುಸುಳಿ ಬಂದಳು. ತೊಟ್ಟಿಲಿನೊಳಗೆ ಇಣುಕಿ ನೋಡಿದಳು. ಆಮೇಲೆ ವ್ಯಾಪಾರಿಯ ಸೆರಗು ಜಗ್ಗಿದಳು.

"ದೊಡ್ಡಮ್ಮ, ಅಕ್ಕ ಇದರಲ್ಲೇ ಮಲಗುತ್ತಿದ್ದಳಾ?"

ವ್ಯಾಪಾರಿ ಹಿರಿಯಳ ಮುಖ ನೋಡಿದಳು. ಮಗುವಿನ ಮುಖ ನೋಡಿದಳು.

"ಹೌದು" ಎಂದಳು.

"ಅವಳೂ ನನ್ನ ಹಾಗೇ ಇದ್ದಳಾ?"

"ನಿನ್ನ ಹಾಗೇ ಇದ್ದಳು."

ತೊಟ್ಟಿಲನ್ನು ಇಳಿಸಿ, ಅವರು ಕೊಟ್ಟ ಮಜ್ಜಿಗೆ ಕುಡಿದು, ಬಂದ ಗಾಡಿಯಲ್ಲೇ ಅವಳು ಹಿಂದಿರುಗಿದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಆಮೇಲಾದರೂ ಹೇಳಿದಳೇ?" ಎಂದು ಶಿಷ್ಯ ಕೇಳಿದ.

"ಇಲ್ಲ."

"ಹಾಗಾದರೆ ತೊಟ್ಟಿಲೂ ಓಣಿಗೆ ಬಂತು. ಮಗುವೂ ಚೆನ್ನಾಗಿದೆ. ಅವರೆಲ್ಲ ಅವಳನ್ನು ಮನೆಯವಳ ಹಾಗೆ ಕಾಣುತ್ತಾರೆ" ಎಂದ ಶಿಷ್ಯ. ಅವನ ಸ್ವರ ಅಷ್ಟು ಗಟ್ಟಿಯಾಗಿರಲಿಲ್ಲ. "ಗುರುಗಳೇ, ಅವಳನ್ನು ದೂರುವವರು ಆ ಓಣಿಯಲ್ಲಿ ಒಬ್ಬರೂ ಇಲ್ಲವಲ್ಲ."

"ಕ್ಷಮಿಸುವವರೂ ಇಲ್ಲ" ಎಂದರು ಗುರುಗಳು.