ಗಂಟೆಗೆ ಇಳಿದು ಬರುವ ಮುಸುವಗಳು

ತುಂಗಭದ್ರೆಯ ದಂಡೆಯ ಒಂದು ಮಠದಲ್ಲಿ ಹಿರಿಯ ಸ್ವಾಮಿಗಳಾದ ಅಜ್ಜನವರ ಬಳಿ ರೇವಯ್ಯನೆಂಬ ಶಿಷ್ಯನಿದ್ದ. ತಲೆ ನರೆಯತೊಡಗಿದ್ದರೂ ಮನಸ್ಸು ಮೆತ್ತಗೇ ಇತ್ತು.

ದಿನವೂ ಬೆಳಿಗ್ಗೆ ಪೂಜೆ ಮುಗಿಸಿ ಅವನು ಕೈಗಂಟೆ ಬಾರಿಸುತ್ತಿದ್ದ. ಆಲದ ಮರದಿಂದ ಕರಿಮೂತಿಯ ಮುಸುವಗಳು ಇಳಿದು ಬಂದು, ಅವನು ಎಸೆದ ಶೇಂಗಾ ಹೆಕ್ಕಿ ತಿನ್ನುತ್ತಿದ್ದವು. ಒಂದು ಮುದಿ ಹೆಣ್ಣಂತೂ ಅವನ ಮೊಣಕಾಲಿಗೆ ಕೈಯೂರಿಯೇ ಕೂರುತ್ತಿತ್ತು.

"ಇವುಗಳ ಹೆದರಿಕೆ ಬಿಡಿಸಲು ಒಂಬತ್ತು ವರ್ಷ ಬೇಕಾಯಿತು, ಅಜ್ಜಾರೇ."

"ನಿನ್ನೊಬ್ಬನ ಮೇಲಿನ ಹೆದರಿಕೆ ಬಿಡಿಸಿದೆಯೋ, ಎಲ್ಲ ಮನುಷ್ಯರ ಮೇಲಿನದ್ದೋ?"

ರೇವಯ್ಯ ನಕ್ಕು ಇನ್ನೊಂದು ಹಿಡಿ ಶೇಂಗಾ ಎಸೆದ.

ಒಂದು ದಿನ ಗಂಟೆಗೆ ಎಂಟೇ ಬಂದವು. ಇದ್ದದ್ದು ಇಪ್ಪತ್ತಮೂರು.

ಮಧ್ಯಾಹ್ನ ಪಕ್ಕದ ಹೊಲದ ಕಲ್ಲವ್ವ ಬಂದಳು. ಮಠದ ಮೆಟ್ಟಿಲು ಹತ್ತದೆ ಕೆಳಗೇ ನಿಂತಳು.

"ಎರಡು ಸಲ ಬಿತ್ತಿದೆ, ಅಜ್ಜಾರೇ. ಎರಡು ಸಲವೂ ಕಿತ್ತು ತಿಂದವು. ಅಟ್ಟಲು ಹೋದರೆ ನನ್ನ ಸೆರಗಿಗೇ ಕೈ ಹಾಕಿದವು. ನಿನ್ನೆ ಸಂಜೆ ವಿಷ ಬೆರೆಸಿದ ಕಾಳು ಚೆಲ್ಲಿ, ನಿಮ್ಮ ಹಾಗೆಯೇ ಗಂಟೆ ಬಾರಿಸಿದೆ." ಅವಳು ರೇವಯ್ಯನ ಕಡೆ ತಿರುಗಿದಳು. "ಓಡಿ ಬಂದವು, ರೇವಯ್ಯ. ಕೂಸು ಅವುಚಿಕೊಂಡವೂ ಓಡಿ ಬಂದವು."

ರೇವಯ್ಯ ಕೋಲೆತ್ತಿಕೊಂಡ. ಅಜ್ಜನವರು ಅವನ ರಟ್ಟೆ ಹಿಡಿದರು.

"ಇವಳನ್ನು ಹೊಡೆದರೆ ಆ ಎಂಟು ಉಳಿಯುತ್ತವೆಯೇ?"

ಹೊತ್ತು ಮುಳುಗುವವರೆಗೆ ಮೂವರೂ ಸತ್ತವುಗಳನ್ನು ಹೂಳಲು ಹೊಂಡ ತೋಡಿದರು.

ಮರುದಿನ ಅಜ್ಜನವರು ಗಂಟೆಯನ್ನು ಹೊಳೆಗೆ ಎಸೆದುಬಿಟ್ಟರು. ಆದರೂ ಹೊತ್ತಿಗೆ ಸರಿಯಾಗಿ ಎಂಟೂ ಇಳಿದು ಬಂದು ಅಂಗಳದಲ್ಲಿ ಕೂತವು.

ಅಜ್ಜನವರು ರೇವಯ್ಯನ ಕೈಗೆ ಒಂದು ಕಲ್ಲು ಕೊಟ್ಟರು.

"ಎಸೆ. ಗಂಟೆ ಬಾರಿಸಿದರೆ ಇವು ಬರುತ್ತವೆಂಬ ಸುದ್ದಿ ಎಲ್ಲ ಹೊಲಗಳಿಗೂ ಮುಟ್ಟಿದೆ. ಇನ್ನು ಇವು ಮನುಷ್ಯರನ್ನು ಕಂಡರೆ ಓಡಬೇಕು."

"ಈ ಕೈಯಿಂದ ಆಗದು, ಅಜ್ಜಾರೇ."

"ಅವು ಬೇರೆ ಯಾರ ಕೈ ನೋಡುತ್ತ ಕೂತಿವೆ?"

ರೇವಯ್ಯ ಕಣ್ಣು ಮುಚ್ಚಿ ಎಸೆದ.

ಕಲ್ಲು ಮುದಿ ಹೆಣ್ಣಿನ ಭುಜಕ್ಕೆ ಬಡಿದು ನೆಲಕ್ಕುರುಳಿತು. ಅದು ಓಡಲಿಲ್ಲ. ಕಲ್ಲನ್ನು ಹೆಕ್ಕಿಕೊಂಡು ಮೂಸಿತು. ಕಚ್ಚಿ ನೋಡಿತು. ಆಮೇಲೆ ಹತ್ತಿರ ಬಂದು ಅವನ ಮೊಣಕಾಲಿಗೆ ಕೈಯೂರಿ ಕೂತಿತು.

"ಶೇಂಗಾ ಅಂದುಕೊಂಡಿದೆ, ಅಜ್ಜಾರೇ." ರೇವಯ್ಯನಿಗೆ ಅಳು ತಡೆಯಲಾಗಲಿಲ್ಲ.

ಅಜ್ಜನವರು ಬಗ್ಗಿ, ಮೊದಲಿನದಕ್ಕಿಂತ ದೊಡ್ಡ ಕಲ್ಲೊಂದನ್ನು ಹುಡುಕಿ ಅವನ ಅಂಗೈಯಲ್ಲಿಟ್ಟರು.

"ಇನ್ನೊಂದು ಎಸೆ."