ಸಾಹುಕಾರರ ಬಚ್ಚಲ ತಪಾಸಣೆ

ರಾಣೆಬೆನ್ನೂರಿನ ಸಾಹುಕಾರ ಚನ್ನವೀರಪ್ಪನವರ ಬಾಡಿಗೆ ಮನೆಯಲ್ಲಿ ಗೀಸರ್ ಹಾಕಿದರೆ ಸಾಕು, ಬಚ್ಚಲ ನಲ್ಲಿ ಶಾಕ್ ಹೊಡೆಯುತ್ತಿತ್ತು. ಬಾಡಿಗೆಗಿದ್ದ ಗಿರಿಜವ್ವ ಕರೆಂಟ್ ಆಫೀಸಿಗೆ ದೂರು ಕೊಟ್ಟಳು. ತಪಾಸಣೆಗೆ ವೈರ್‌ಮನ್ ಮೌಲಾಸಾಬ ಬಂದ.

ಸಾಹುಕಾರರು ಬಾಗಿಲಲ್ಲೇ ತಡೆದು ಗದರಿದರು. "ಶಾಕೂ ಇಲ್ಲ, ಗೀಕೂ ಇಲ್ಲ. ಎಲ್ಲಾ ಆಕಿ ಭ್ರಮೆ. ಒಳಗ ಹೋಗೂದ ಬ್ಯಾಡ. ಎಲ್ಲಾ ಬರೋಬ್ಬರಿ ಐತಿ ಅಂತ ಬರದು ಸಹಿ ಹಾಕು ಲೇ. ಇಲ್ಲಾಂದ್ರ ನಿನ್ನ ಲೈಸೆನ್ಸ್ ಹೋತು!"

ಮೌಲಾಸಾಬ ತಕರಾರು ಮಾಡಲಿಲ್ಲ. ಕುಳಿತು ಬರೆದ, ಬರೆದದ್ದನ್ನು ಗಟ್ಟಿಯಾಗಿ ಓದಿದ. "ಮಾಲೀಕರು ನನ್ನ ಎದುರಿಗೇ ಗೀಸರ್ ಹಾಕಿ, ಬರಿಗಾಲಲ್ಲಿ ನಿಂತು ನಲ್ಲಿ ತಿರುಗಿಸಿದರು. ಏನೂ ಆಗಲಿಲ್ಲ." ಆಮೇಲೆ ಕೈಮುಗಿದ. "ಚಪ್ಪಲಿ ಇಲ್ಲೇ ಬಿಡ್ರಿ ಸಾವ್ಕಾರ್ರ. ನೀವು ತಿರುಗಿಸಿದ ಕೂಡ್ಲೇ ಸಹಿ ಹಾಕ್ತೀನಿ."

ಗಿರಿಜವ್ವ ಓಡಿಹೋಗಿ ಗೀಸರ್ ಹಾಕಿದಳು. ಸಾಹುಕಾರರು ಬಚ್ಚಲ ಹೊಸ್ತಿಲತನಕ ಹೋದರು. ತೊಟ್ಟಿಕ್ಕುವ ನಲ್ಲಿಯನ್ನೇ ನೋಡುತ್ತ ನಿಂತರು.

"ಮೌಲಾಸಾಬ್ರ," ಎಂದರು ದನಿ ತಗ್ಗಿಸಿ, "ಈ ಶಾಕ್ ತಡಿಯೋ ಅರ್ಥಿಂಗ್ ಹಾಕಾಕ ಎಷ್ಟು ಹೊತ್ತು ಬೇಕ್ರೀ?"