ಹೆಣ್ಣುಕೊಡದ ಗುಡ್ಡ

ಮಾವಿನಹಳ್ಳ ದಾಟಿ ತೆಂಕಲಿಗೆ ಎರಡು ಹರದಾರಿ ನಡೆದರೆ ಒಂದು ಬೋಳುಗುಡ್ಡ ಎದುರಾಗುತ್ತದೆ. ಮಳೆಗಾಲದಲ್ಲೂ ಅದರ ಮೈಮೇಲೆ ಹಸಿರು ನಿಲ್ಲುವುದಿಲ್ಲ. ಅದಿರು ಕಾಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕರಿ ಕಿಟ್ಟ ಕಾಲಿಟ್ಟಲ್ಲೆಲ್ಲ ಕರಕರ ಎನ್ನುತ್ತದೆ. ಸರ್ಕಾರದ ಕಾಗದದಲ್ಲಿ ಇದಕ್ಕೆ ಬೇರೆ ಹೆಸರಿದೆ. ಸುತ್ತಲ ಹಳ್ಳಿಯವರು ಮಾತ್ರ ಹೆಣ್ಣುಕೊಡದ ಗುಡ್ಡ ಎಂದೇ ಕರೆಯುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಇಲ್ಲಿ ಹನ್ನೊಂದು ಕುಲುಮೆಗಳ ಊರಿತ್ತು ಎನ್ನುತ್ತಾರೆ. ಕುಲುಮೆಯವರಿಗೆಲ್ಲ ಹಿರಿಯ ಕೆಂಚಮಲ್ಲ. ಗುಡ್ಡದ ನೆತ್ತಿಯ ಕಾಡಿನ ನಡುವೆ ಒಂದು ಒರತೆ. ಊರಿಗೆಲ್ಲ ಅದೊಂದೇ ನೀರು. ಒರತೆಯ ಸುತ್ತಲಿನ ಮರಗಳಿಗೆ ಕೊಡಲಿ ತಾಗಬಾರದೆಂದು ಅವನ ಅಜ್ಜ ಮಾಡಿದ ಕಟ್ಟಳೆಯನ್ನು ಅವನೂ ಕಾಯ್ದುಕೊಂಡು ಬಂದಿದ್ದ. ಇದ್ದಿಲಿಗೆ ಬೇಕಾದ ಸೌದೆಯನ್ನು ಕೆಳಗಿನ ಇಳಿಜಾರಿನಲ್ಲಿ ಸರದಿಯ ಮೇಲೆ ಕಡಿಯುತ್ತಿದ್ದರು. ಒಂದು ಬದಿ ಕಡಿದರೆ ಅದು ಚಿಗುರಿ ಬಲಿಯುವವರೆಗೆ ಅತ್ತ ಸುಳಿಯುತ್ತಿರಲಿಲ್ಲ.

ಆಮೇಲೆ ಪಾಳೆಯಗಾರನಿಗೆ ಯುದ್ಧದ ಹುಚ್ಚು ಹಿಡಿಯಿತು. ಹೆಚ್ಚು ಕಬ್ಬಿಣ ಕೊಟ್ಟವನಿಗೆ ಓಲಗದಲ್ಲಿ ಮುಂದಿನ ಸಾಲು, ತಲೆಗೆ ರೇಷ್ಮೆ ರುಮಾಲು ಎಂದು ಡಂಗುರ ಹೊಡೆಸಿದ. ಅದುವರೆಗೆ ಒಂದೇ ಪಂಕ್ತಿಯಲ್ಲಿ ಉಂಡವರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದರು. ಸರದಿ ತಪ್ಪಿತು, ಎರಡೇ ವರ್ಷಕ್ಕೆ ಇಳಿಜಾರು ಬರಿದಾಯಿತು. ಒಂದು ಬೆಳಿಗ್ಗೆ ಕೆಂಚಮಲ್ಲ ಒರತೆಗೆ ಹೋದಾಗ ಮತ್ತಿಮರವೊಂದಿದ್ದಲ್ಲಿ ಹಸಿಹಸಿ ಬುಡವಷ್ಟೇ ಉಳಿದಿತ್ತು. ಅವನು ಊರನ್ನು ಸೇರಿಸಿ ವಿಚಾರಿಸಬಹುದಿತ್ತು. ಸೇರಿಸಲಿಲ್ಲ. ಮನೆಗೆ ಬಂದು ಕೊಡಲಿ ಎತ್ತಿಕೊಂಡ.

"ನೀವೇ ಹಿಂಗೆ ಮಾಡಿದ್ರೆ ಊರು ಯಾರ ಮಾತು ಕೇಳ್ತದೆ?" ಎಂದು ಹೆಂಡತಿ ಸಿರಿಯವ್ವ ಬಾಗಿಲಿಗೆ ಅಡ್ಡ ನಿಂತಳು.

"ನಾ ಬಿಟ್ರೆ ಇನ್ನೊಬ್ಬ ಕಡೀತಾನೆ. ಮರ ಹೆಂಗೂ ಉಳಿಯಲ್ಲ, ರುಮಾಲಾದ್ರೂ ನಮ್ಮನೆಗೆ ಬರಲಿ," ಎಂದು ಅವಳನ್ನು ಸರಿಸಿ ಹೊರಟ.

ರುಮಾಲು ಬಂತು. ಮೂರನೆಯ ಬೇಸಿಗೆಗೆ ಒರತೆ ಬತ್ತಿತು. ಹೆಂಗಸರು ದೂರದ ಹಳ್ಳದಿಂದ ನೀರು ಹೊರತೊಡಗಿದರು. ಸಿರಿಯವ್ವನ ನಡು ಬಾಗಿತು. ದಾರಿಹೋಕರಿಗೂ ಕರೆದು ನೀರು ಕೊಡುತ್ತಿದ್ದ ಮನೆಗಳು ಗಡಿಗೆಗಳನ್ನು ಒಳಗಿಟ್ಟು ಅಗುಳಿ ಹಾಕಿಕೊಂಡವು. ಬಾಣಂತಿಯೊಬ್ಬಳು ಪಕ್ಕದ ಮನೆಯಲ್ಲಿ ಒಂದು ಚೊಂಬು ನೀರು ಕೇಳಿ ಬರಿಗೈಯಲ್ಲಿ ಮರಳಿದಳಂತೆ. ಆ ಜನ ಮೊದಲಿನಿಂದ ಕೆಟ್ಟವರಾಗಿರಲಿಲ್ಲ.

ಆ ವರ್ಷವೇ ಬಯಲುಸೀಮೆಯ ಚೌಡಯ್ಯನೆಂಬವನು ತನ್ನ ಮಗಳಿಗೆ ಕೆಂಚಮಲ್ಲನ ಮಗನನ್ನು ನೋಡಲು ಬಂದ. ಕೆಂಚಮಲ್ಲ ರುಮಾಲು ಸುತ್ತಿಕೊಂಡು ಎದುರುಗೊಂಡ, ಜಗಲಿಯಲ್ಲಿ ಕೂರಿಸಿದ, ಚೊಂಬು ಮುಂದಿಟ್ಟ. ಚೌಡಯ್ಯನ ಕಣ್ಣು ಮಾತ್ರ ಏರಿನಲ್ಲಿ ಕೊಡ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದ ಸಿರಿಯವ್ವನ ಮೇಲಿತ್ತು.

"ರುಮಾಲು ಚೆನ್ನಾಗೈತೆ, ಹಿರಿಯರೇ. ಆದ್ರೆ ನನ್ನ ಮಗಳನ್ನ ಈ ಗುಡ್ಡಕ್ಕೆ ಕೊಡಾಕಿಲ್ಲ," ಎಂದು ಎದ್ದು, ಚೊಂಬನ್ನು ಅವನತ್ತ ಸರಿಸಿದ. "ಈ ನೀರನ್ನ ಆಯಮ್ಮನಿಗೇ ಕುಡೀಲಿಕ್ಕೆ ಕೊಡಿ."

ಮಾತು ಸೀಮೆಯೆಲ್ಲ ಹಬ್ಬಿತು. ಮತ್ತೆ ಯಾರೂ ಆ ಊರಿಗೆ ಹೆಣ್ಣು ಕೊಡಲಿಲ್ಲ. ಗಂಡುಹುಡುಗರು ಒಬ್ಬೊಬ್ಬರಾಗಿ ಮನೆ ಅಳಿಯಂದಿರಾಗಿ ಇಳಿದುಹೋದರು. ಕೆಂಚಮಲ್ಲನ ಮಗನೂ ಹೋದ. ಸಿರಿಯವ್ವ ಹಳ್ಳದ ದಾರಿಯಲ್ಲೇ ಬಿದ್ದು ಸತ್ತಳು. ಹಾದುಹೋಗುವವರನ್ನು ನಿಲ್ಲಿಸಿ, "ಮೊದಲು ಕಡಿದವನು ನಾನಲ್ಲ," ಎಂದು ಮುದುಕ ಕಡೆಯವರೆಗೂ ಹೇಳುತ್ತಿದ್ದನಂತೆ. ಅದು ನಿಜವೇ. ಕೇಳಿದವರು ಮುಂದೆ ನಡೆಯುತ್ತಿದ್ದರು.

ಈಗ ಗುಡ್ಡ ಹತ್ತಿದವರಿಗೆ ಕಿಟ್ಟದ ರಾಶಿಗಳ ನಡುವೆ ಹನ್ನೊಂದು ಮನೆಗಳ ಪಾಯ ಕಾಣುತ್ತದೆ. ಅದರಲ್ಲೊಂದಕ್ಕೆ ಅಂಟಿಕೊಂಡಂತೆ ಮೊಣಕಾಲೆತ್ತರಕ್ಕೆ ನಿಂತುಹೋದ ಗೋಡೆಯಿದೆ. ಮಗ ಸೊಸೆಗೆಂದು ಕೆಂಚಮಲ್ಲ ಕಟ್ಟಿಸುತ್ತಿದ್ದ ಕೋಣೆ ಅದು ಎನ್ನುತ್ತಾರೆ.